ಮನೆ ಮಾರಿದ ಹೆಬ್ಬೆರಳು

ವಾದದಲ್ಲಿ ನಾನು ಸೋಲುವುದಿಲ್ಲ ಎಂದರೆ ಜಂಬವಾದೀತು. ಸೋತದ್ದು ನನಗೆ ಗೊತ್ತಾಗುವುದಿಲ್ಲ ಎಂದರೆ ಸತ್ಯಕ್ಕೆ ಹತ್ತಿರ. ಕಾನೂನು ಓದುತ್ತ, ಸಾಂಗ್ಲಿ-ಮಿರಜದ ಚರ್ಚಾಸ್ಪರ್ಧೆಗಳಲ್ಲಿ ನಿಂತು ನಿಂತು ನನಗೊಂದು ಕಾಯಿಲೆ ಅಂಟಿಕೊಂಡಿದೆ. ಯಾರಾದರೂ ಸುಮ್ಮನೆ ಇವತ್ತು ಸೆಕೆ ಜಾಸ್ತಿ ಎಂದರೂ, ಯಾವುದಕ್ಕೆ ಹೋಲಿಸಿದರೆ ಎಂದು ಕೇಳುತ್ತೇನೆ. ಕಪಾಟಿನಲ್ಲಿರುವ ಬಹುಮಾನಗಳೆಲ್ಲ ಮರಾಠಿ ಭಾಷಣಕ್ಕೆ ಬಂದವು. ಆದರೆ ಅವುಗಳ ತಾಲೀಮು ನಡೆದದ್ದು ಮನೆಯಲ್ಲಿ, ಅವ್ವನ ಜೊತೆ, ಕನ್ನಡದಲ್ಲಿ. ಹೀಗಾಗಿ ಪದ್ಮಜಾ ಎಂಬ ನನ್ನ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿದೆ. ಅಪ್ಪ ನನ್ನನ್ನು ವಕೀಲಸಾಹೇಬ್ರು ಎನ್ನುತ್ತಾರೆ. ಅವ್ವ ಏನೂ ಅನ್ನುವುದಿಲ್ಲ. ನನ್ನ ಮಾತು ಉದ್ದವಾದಾಗ ಕೈಯಲ್ಲಿದ್ದ ಸೌಟಿನಿಂದ ತಾಟಿನ ಅಂಚಿಗೆ ಒಮ್ಮೆ ಬಡಿಯುತ್ತಾಳೆ. ಸ್ಪರ್ಧೆಯಲ್ಲಿ ಸಮಯ ಮುಗಿದಾಗ ಗಂಟೆ ಬಾರಿಸುತ್ತಾರೆ ಎಂದು ಅವಳಿಗೆ ಹೇಳಿಕೊಟ್ಟದ್ದು ನನ್ನ ಜೀವನದ ಮೊದಲನೆಯ ತಪ್ಪು. ಮನೆ ಮಾರಲು ಒಳ್ಳೆಯ ಫೋಟೋ ಬೇಕಾಗಿಲ್ಲ ಎಂದು ವಾದಿಸಿದ್ದು ಎರಡನೆಯದು.

ನಮ್ಮ ಮನೆ ಇದ್ದದ್ದು ಸಾಂಗ್ಲಿವಾಡಿಯಲ್ಲಿ, ಕೃಷ್ಣೆಯ ಆಚೆ ದಡದಲ್ಲಿ. ಅವ್ವ ಮಿರಜದ ಒಂದು ಆಸ್ಪತ್ರೆಯಲ್ಲಿ ನರ್ಸು. ವರ್ಷದ ಹತ್ತು ತಿಂಗಳು ಇದರಲ್ಲಿ ತೊಂದರೆಯೇನಿಲ್ಲ: ಸೇತುವೆ ದಾಟು, ಬಸ್ಸು ಹತ್ತು, ಹೋಗು. ಉಳಿದೆರಡು ತಿಂಗಳು ನದಿ ಏರಿತೆಂದರೆ ಸೇತುವೆ ಬಂದ್. ಡ್ಯೂಟಿಗೆಂದು ಹೋದ ಅವ್ವ ಆ ಕಡೆ, ನಾನು ಮತ್ತು ಅಪ್ಪ ಈ ಕಡೆ. ಒಂದು ವರ್ಷವಂತೂ ಆರು ದಿನ ಅವ್ವ ಆಸ್ಪತ್ರೆಯಲ್ಲೇ ಇದ್ದು, ರಾತ್ರಿ ಒಗೆದ ಸಮವಸ್ತ್ರವನ್ನೇ ಬೆಳಿಗ್ಗೆ ತೊಟ್ಟಳು. ಆ ಆರು ದಿನ ನಾವು ಅಪ್ಪನ ಕೈಯಡುಗೆ ಉಂಡೆವು. ಕಷ್ಟ ಯಾರಿಗೆ ಹೆಚ್ಚಾಯಿತು ಎಂಬುದರ ಮೇಲೆ ನನ್ನ ಬಳಿ ಒಳ್ಳೆಯ ವಾದವಿದೆ, ಇಲ್ಲಿ ಬೇಡ. ಏಳನೆಯ ದಿನ ಮನೆಗೆ ಬಂದ ಅವ್ವ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು, ಇನ್ನು ಮುಂದೆ ತನಗೂ ಮನೆಗೂ ನಡುವೆ ನದಿ ಇರಬಾರದು ಎಂದು.

ಮಿರಜದಲ್ಲಿ ಮನೆಯೂ ಸಿಕ್ಕಿತು. ತಂಬೂರಿ ಮಾಡುವ ಚಾಚಾ ಒಬ್ಬರದು. ಕೆಳಗೆ ಅವರ ಕಾರ್ಖಾನೆ, ಮೇಲೆ ನಾಲ್ಕು ಕೋಣೆಯ ಮನೆ, ಆಸ್ಪತ್ರೆಗೆ ಏಳು ನಿಮಿಷದ ನಡಿಗೆ. ಚಾಚಾ ಮಗಳ ಮನೆಗೆ ಹೋಗುವವರಿದ್ದರು, ಕಾರ್ಖಾನೆ ಮಾತ್ರ ಉಳಿಸಿಕೊಳ್ಳುತ್ತಾರೆ. ದಸರೆಯ ತನಕ ಬೇರೆ ಯಾರಿಗೂ ಬಾಗಿಲು ತೆಗೆದು ತೋರಿಸುವುದಿಲ್ಲ, ಅಷ್ಟರಲ್ಲಿ ನಿಮ್ಮ ಮನೆ ಮಾರಿ ಬನ್ನಿ ಎಂದು ಅವ್ವನಿಗೆ ಮಾತು ಕೊಟ್ಟರು. ಅವ್ವ ಎಷ್ಟು ನಂಬಿದಳೆಂದರೆ, ಗೇಣು ಹಾಕಿ ಆ ಮನೆಯ ಕಿಟಕಿಗಳನ್ನು ಅಳೆದು ಪರದೆ ಹೊಲಿಸಿಬಿಟ್ಟಳು. ಹಳದಿ ಹೂವಿನ ಪರದೆಗಳು. ನಮ್ಮ ಮನೆಯ ಯಾವ ಕಿಟಕಿಗೂ ಅವು ಹೊಂದುತ್ತಿರಲಿಲ್ಲ. ಮಡಿಸಿ ಟ್ರಂಕಿನ ಮೇಲೆ ಇಟ್ಟಿದ್ದಳು. ದಿನಕ್ಕೊಮ್ಮೆ ತೆಗೆದು ಮತ್ತೆ ಮಡಿಸುತ್ತಿದ್ದಳು.

ಗಣಪತಿ ಹಬ್ಬ ಮುಗಿದ ಮೇಲೆ ಮನೆಯನ್ನು ಮೊಬೈಲಿನಲ್ಲಿ ಜಾಹೀರಾತಿಗೆ ಹಾಕುವುದೆಂದು ಠರಾವಾಯಿತು. ಯಾರಾದರೂ ಒಳ್ಳೆಯ ಫೋಟೋಗ್ರಾಫರನ್ನು ಕರೆಸೋಣ ಎಂದಳು ಅವ್ವ. ನಾನು ಎದ್ದು ನಿಂತೆ. ಊಟದ ತಾಟಿನ ಮುಂದೆ ಎದ್ದು ನಿಲ್ಲುವುದು ಅಸಭ್ಯ ಎಂದು ಗೊತ್ತು, ಆದರೆ ಕುಳಿತು ವಾದಿಸಿದರೆ ನನಗೆ ಧ್ವನಿ ಬರುವುದಿಲ್ಲ. ಮನೆಯೆಂಬುದು ವಧುವಲ್ಲ, ಇಟ್ಟಿಗೆ. ಕೊಳ್ಳುವವನು ಫೋಟೋದಲ್ಲಿ ವಾಸ ಮಾಡುವುದಿಲ್ಲ. ಚಂದದ ಫೋಟೋ ಎಂದರೆ ಬೆಳಕಿನಲ್ಲಿ ಹೇಳಿದ ಸುಳ್ಳು. ಇದ್ದದ್ದನ್ನು ಇದ್ದಂತೆ ತೋರಿಸಿದರೆ ಸಾಕು. ತಾಟು ಠಣ್ ಎಂದಿತು. ಆದರೂ ಆ ದಿನ ನಾನೇ ಗೆದ್ದೆ, ಯಾಕೆಂದರೆ ಫೋಟೋಗ್ರಾಫರನಿಗಾಗಿ ಅಲೆಯುವ ಉಮೇದು ಅಪ್ಪನಿಗಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೊಬೈಲಿನಲ್ಲೇ ಇದ್ದದ್ದನ್ನು ಇದ್ದಂತೆ ತೆಗೆದೆ. ಮುಂಭಾಗದ ಫೋಟೋದಲ್ಲಿ ಮೆಟ್ಟಿಲ ಪಕ್ಕ ಅಪ್ಪ ಲುಂಗಿಯನ್ನು ಎತ್ತಿ ಕಟ್ಟಿ, ಹೆಗಲ ಹತ್ತಿರ ತೂತಾದ ಬನಿಯನ್ನಿನಲ್ಲಿ ಸ್ಕೂಟರು ತೊಳೆಯುತ್ತಿದ್ದರು. ಅವರ ಹಿಂದೆ ಕಟ್ಟೆ, ಕಟ್ಟೆಯ ಮೇಲೆ ಜೋಕಾಲಿ, ಜೋಕಾಲಿಯ ಮೇಲೆ ಒಣಹಾಕಿದ ಟವೆಲ್ಲು. ಎಡ ಮೂಲೆಯಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದಿತ್ತು. ಫಲಿತಾಂಶ ಹೇಳುತ್ತೇನೆ. ಹತ್ತು ದಿನದಲ್ಲಿ ಐದು ಕರೆ. ನಾಲ್ಕು ಜನ ಜೋಕಾಲಿ ಕೊಡುತ್ತೀರಾ ಎಂದು ಕೇಳಿದರು. ಐದನೆಯವರು ಮನೆಯ ಎಡಗಡೆ ಕಾಣುವ ಗುಡ್ಡ ಯಾವುದು ಎಂದು ಕೇಳಿದರು. ಅದು ನನ್ನ ಹೆಬ್ಬೆರಳು ಎಂದು ವಿವರಿಸುವಷ್ಟರಲ್ಲಿ ಫೋನು ಇಟ್ಟಿದ್ದರು.

ಅವ್ವ ಸಂತೋಷನನ್ನು ಕರೆಸಿದಳು. ಸಂತೋಷ ಮಿರಜದಲ್ಲಿ ಮದುವೆಯ ಫೋಟೋ ತೆಗೆಯುವವನು. ಬೇರೆ ಯಾವುದರ ಫೋಟೋವನ್ನೂ ಅವನು ಈ ಮೊದಲು ತೆಗೆದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಬಂದವನು ಎರಡು ದೀಪದ ಕಂಬ ನಿಲ್ಲಿಸಿ, ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟಿಸಿ, ತಾಮ್ರದ ಹಂಡೆಯಲ್ಲಿ ಗುಲಾಬಿ ಪಕಳೆ ತೇಲಿಬಿಟ್ಟ. ಅಡುಗೆಮನೆಯ ಕಿಟಕಿಗೆ ಸ್ವಲ್ಪ ನಾಚಿಕೆ ಬೇಕು ಎಂದು ಅರ್ಧ ಮುಚ್ಚಿದ. ಅಪ್ಪ ಕಂಬಕ್ಕೆ ಒರಗಿ ಮನೆಯನ್ನು ಪ್ರೀತಿಯಿಂದ ನೋಡಬೇಕೆಂದ. ಮೂವತ್ತು ವರ್ಷ ಆ ಮನೆಯ ಸೋರುವ ಮಾಳಿಗೆಯನ್ನು ಬೈಯುತ್ತ ಬಂದ ಅಪ್ಪ, ದೇವರಾಣೆ, ಪ್ರೀತಿಯಿಂದ ನೋಡಿದರು. ನಾಲ್ಕು ದಿನದ ಮೇಲೆ ಬಂದ ಫೋಟೋಗಳಲ್ಲಿ ಆಕಾಶ ನೀಲಿ, ಅಂಗಳ ಹಸಿರು, ಕರೆಂಟಿನ ಕಂಬ ಮಾಯ. ಗೋಡೆ, ಕಟ್ಟೆಗಳ ಮೇಲೆ ಒಂದು ಕಲೆಯಿಲ್ಲ. ಕಲೆಯ ಜೊತೆಗೆ ಗೆರೆಗಳೂ ಇಲ್ಲ.

ಈ ಗೆರೆಗಳ ವಿಷಯ ಹೇಳಬೇಕು. ನಮ್ಮ ಕಡೆ ಮಹಾಪೂರ ಇಳಿದು ಹೋದ ಮೇಲೆ ಮನೆಯ ಯಜಮಾನರು ಮಾಡುವ ಮೊದಲ ಕೆಲಸವೆಂದರೆ, ನೀರು ಎಲ್ಲಿಯ ತನಕ ಬಂದಿತ್ತೋ ಅಲ್ಲಿ ಗೋಡೆಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆಯುವುದು. ಬೇರೆಯವರು ಮಕ್ಕಳ ಎತ್ತರ ಗುರುತು ಹಾಕುವಂತೆ ನಾವು ನದಿಯ ಎತ್ತರ ಗುರುತು ಹಾಕುತ್ತೇವೆ. ಕೆಳಗಿನ ಓಣಿಯ ಮನೆಗಳಲ್ಲಿ ಆ ಗೆರೆ ಸೂರಿಗೆ ತೂಗುವ ಪಂಖೆಯ, ಅಂದರೆ ಫ್ಯಾನಿನ, ಹತ್ತಿರ ಇರುತ್ತದೆ. ನಮ್ಮ ಮನೆ ಸ್ವಲ್ಪ ಏರಿನಲ್ಲಿದ್ದುದರಿಂದ ಅಪ್ಪ ಕೆಮ್ಮಣ್ಣಿನಲ್ಲಿ ಎಳೆದ ಮೂರೂ ಗೆರೆಗಳು ಹೊರಗಿನ ಕಟ್ಟೆಯ ಬದಿಯಲ್ಲೇ ನಿಂತಿದ್ದವು. ಎಲ್ಲಕ್ಕಿಂತ ಮೇಲಿನದೂ ಅಪ್ಪನ ಮೊಣಕಾಲು ದಾಟಿರಲಿಲ್ಲ. ನೀರು ಹೊಸ್ತಿಲು ನೋಡಿರಲಿಲ್ಲ.

ಸಂತೋಷನ ಫೋಟೋ ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ ಅಪ್ಪನಿಗೆ ಹೊಸ ಚಿಂತೆ ಶುರುವಾಯಿತು: ಬಂದವರು ಫೋಟೋ ನೋಡಿ ಮನೆ ನೋಡಿದರೆ ಏನೆಂದುಕೊಂಡಾರು? ಫೋಟೋ ಮನೆಯ ಹಾಗಿರಬೇಕು ಎಂಬುದು ನನ್ನ ವಾದ. ಮನೆ ಫೋಟೋದ ಹಾಗಿರಬೇಕು ಎಂಬುದು ಅಪ್ಪನ ತೀರ್ಮಾನ. ಹೇಗೂ ದಸರೆಗೆ ಬಣ್ಣ ಹಚ್ಚುವ ರೂಢಿ ಇದ್ದೇ ಇದೆ ಎಂದು ಎರಡೇ ದಿನದಲ್ಲಿ ಗೋಡೆಗೆ, ಕಟ್ಟೆಗೆ ಎರಡೆರಡು ಸಲ ಬಿಳಿ ಬಣ್ಣ ಹೊಡೆಸಿದರು. ಮೂರು ಮಹಾಪೂರಗಳ ಸಾಕ್ಷಿ ಬಿಳಿ ಬಣ್ಣದ ಕೆಳಗೆ ಹೋಯಿತು. ನನಗೆ ಅದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಆ ಎರಡು ದಿನ ನಾನು ಬಿಳಿ ಬಣ್ಣ ಸುಳ್ಳೋ ನಿಜವೋ ಎಂಬ ತಾತ್ವಿಕ ಚರ್ಚೆಯಲ್ಲಿ ಮುಳುಗಿದ್ದೆ.

ಹೊಸ ಫೋಟೋಗಳಿಗೆ ಜನ ಬಂದರು, ಅದನ್ನು ಒಪ್ಪಿಕೊಳ್ಳಲೇಬೇಕು. ಒಂದೇ ವಾರದಲ್ಲಿ ಎಂಟು ಕುಟುಂಬ. ಗೇಟಿನ ಬಳಿ ನಿಂತು ಮೊಬೈಲು ನೋಡುವುದು, ಮನೆ ನೋಡುವುದು, ಕರೆಂಟಿನ ಕಂಬ ನೋಡುವುದು, ಒಳಗೆ ಬರುವುದು. ಚಹಾ ಆಗುತ್ತಿತ್ತು. ಕೋಣೆಗಳು ಹಿಡಿಸುತ್ತಿದ್ದವು. ಹೊರಡುವಾಗ ಕಟ್ಟೆಯ ಹತ್ತಿರ ನಿಂತು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಗೆರೆ ಎಲ್ಲಿದೆ? ಬಣ್ಣ ಹೊಡೆಸಿದ್ದೇವೆ, ಗೆರೆ ಇಲ್ಲೇ ಮೊಣಕಾಲಿನ ಎತ್ತರಕ್ಕಿತ್ತು ಎಂದು ಅಪ್ಪ ಬಗ್ಗಿ ಕೈಯಿಂದ ತೋರಿಸುತ್ತಿದ್ದರು. ಬಂದವರು ಅಪ್ಪನ ಕೈ ನೋಡುತ್ತಿರಲಿಲ್ಲ. ತಲೆಯೆತ್ತಿ, ತೆರೆದ ಬಾಗಿಲೊಳಗಿನ ಪಂಖೆ ನೋಡುತ್ತಿದ್ದರು. ನೆರೆಯವರನ್ನು ಕೇಳಿ ಎಂದರೆ ನಗುತ್ತಿದ್ದರು, ಯಾಕೆಂದರೆ ನೆರೆಯವರೂ ಒಂದು ದಿನ ಮನೆ ಮಾರುವವರೇ. ನಾನು ಸುಮ್ಮನಿರಲಿಲ್ಲ. ನೀರು ಮೇಲೆ ಬಂದಿತ್ತು ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂದು ಒಬ್ಬ ನಿವೃತ್ತ ಮಾಸ್ತರರಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಪೂರ್ತಿ ಒಪ್ಪಿಕೊಂಡು, ನನ್ನ ತಲೆ ನೇವರಿಸಿ, ಮನೆ ತೆಗೆದುಕೊಳ್ಳದೆ ಹೋದರು.

ನವರಾತ್ರಿ ಶುರುವಾಗುವ ಘಟಸ್ಥಾಪನೆಯ ದಿನ ಚಾಚಾ ಅವ್ವನಿಗೆ ಫೋನು ಮಾಡಿದರು. ಅವಸರವೇನಿಲ್ಲ, ಆದರೆ ಬೇರೆ ಒಬ್ಬರು ಎರಡು ಸಲ ಬಂದು ಬಾಗಿಲು ಬಡಿದು ಹೋಗಿದ್ದಾರೆ ಎಂದರು. ಅಂದು ಅವ್ವ ಪರದೆಗಳನ್ನು ಟ್ರಂಕಿನ ಮೇಲಿನಿಂದ ತೆಗೆದು ಒಳಗೆ ಹಾಕಿ ಮುಚ್ಚಿದಳು. ನನ್ನ ಜೊತೆ ವಾದ ಮಾಡಲಿಲ್ಲ. ಅವ್ವ ವಾದ ಮಾಡದ ಮನೆಯಲ್ಲಿ ಇರುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಮೂರು ದಿನದ ಮೇಲೆ ಅಕ್ಕಾತಾಯಿ ಬಂದರು. ಕೆಳಗಿನ ಓಣಿಯವರು, ಅರಿಷಿಣ ಬೆಳೆಯುವ ಮನೆತನ, ಮ್ಹೈಸಾಳದಿಂದ ಈ ಊರಿಗೆ ಸೊಸೆಯಾಗಿ ಬಂದವರು. ಅವರಿಗೆ ಮನೆ ಬೇಕಾಗಿರಲಿಲ್ಲ. ನಾನು ಅಳಿಸಲು ಮರೆತಿದ್ದ ಹಳೆಯ ಜಾಹೀರಾತಿನಲ್ಲಿ ಜೋಕಾಲಿ ನೋಡಿ ಫೋನು ಮಾಡಿದ್ದ ನಾಲ್ವರಲ್ಲಿ ಅವರೂ ಒಬ್ಬರು. ಮೆಟ್ಟಿಲ ಮೇಲೆ ಕೂತು ಚಷ್ಮಾ ಏರಿಸಿ, ಮೊಬೈಲನ್ನು ದೂರ ಹಿಡಿದು, ನನ್ನ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸತೊಡಗಿದರು.

"ಮನೀ ಮಾರಿ ಹೋಗುಮುಂದ ಜೋಕಾಲಿ ನಮಗ ಕೊಟ್ಟ ಹೋಗ್ರಿ. ನಮ್ಮದು ನೀರಾಗ ನಿಂತು ಕೊಳತ ಹೋಗೇತಿ. ಪಂಖಾ ತನಕಾ ಬಂದಿತ್ತಲ್ರಿ," ಎಂದವರು ಬೆರಳು ನಿಲ್ಲಿಸಿದರು. ಕಟ್ಟೆ ನೋಡಿದರು. ಮತ್ತೆ ಮೊಬೈಲು ನೋಡಿದರು. "ಇದೇನ್ರಿ, ನಿಮ್ಮ ಮಾಲಕರ ಮೊಣಕಾಲ ಹಿಂದ? ಗೆರಿ ಏನು?"

ಅಪ್ಪ, ಅವ್ವ, ನಾನು ಮೂವರೂ ಮೊಬೈಲಿನ ಮೇಲೆ ಬಗ್ಗಿದೆವು. ಗೆರೆಯೇ. ಮೂರೂ ಇದ್ದವು, ಇಸವಿ ಸಮೇತ. ಕೆಳಗೆ ಕೆಸರಿನ ಕಲೆ, ಮುಂದೆ ಅಳತೆಗೆ ನಿಲ್ಲಿಸಿದಂತೆ ಅಪ್ಪನ ಬರಿಗಾಲು. ಅಪ್ಪ ಲುಂಗಿ ಎತ್ತಿ ಕಟ್ಟಿರದಿದ್ದರೆ ಮೊಣಕಾಲು ಎಲ್ಲಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಕ್ಕಾತಾಯಿ ಎದ್ದು ಬಂದು ಅಪ್ಪನನ್ನು ಅದೇ ಜಾಗದಲ್ಲಿ ನಿಲ್ಲಿಸಿ ಮೊಣಕಾಲಿನ ನೇರಕ್ಕೆ ಬಿಳಿ ಕಟ್ಟೆಯನ್ನು ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಈ ಫೋಟೋ ಯಾರು ತೆಗದಾರ?"

"ನಾನ್ರಿ," ಎಂದು ಗಂಟಲು ಸರಿಮಾಡಿಕೊಂಡೆ. ಸಾಕ್ಷ್ಯವೆಂದರೇನು, ಅದರ ತೂಕವೆಷ್ಟು ಎಂಬುದರ ಮೇಲೆ ಮೂರು ಅಂಶಗಳು ನಾಲಿಗೆಯ ತುದಿಯಲ್ಲಿದ್ದವು. ಹಿಂದೆ ಠಣ್ ಎಂದಿತು. ಅವ್ವನ ಕೈಯಲ್ಲಿ ಚಹಾದ ತಾಟಿತ್ತು, ಇನ್ನೊಂದು ಕೈಯಲ್ಲಿ ಚಮಚೆ.

"ಗಂಟಿ ಆತು, ಪದ್ಮಜಾ," ಎಂದಳು.

ಬಾಯಿ ಮುಚ್ಚಿದೆ. ಅಕ್ಕಾತಾಯಿ ನನ್ನನ್ನು, ಫೋಟೋವನ್ನು, ಅದರ ಮೂಲೆಯ ಗುಡ್ಡವನ್ನು ಒಂದು ಸಲ ನೋಡಿ ಅಪ್ಪನ ಕಡೆ ತಿರುಗಿದರು. "ಖರೇನ ಇರಬೇಕು ಬಿಡ್ರಿ. ಸುಳ್ಳ ಹೇಳಾವ್ರು ಇಷ್ಟ ಕೆಟ್ಟ ಫೋಟೋ ತೆಗಿಯೂದಿಲ್ಲ."

ಪಂಖೆಯ ತನಕ ನೀರು ಬರುವ ಮನೆ ಬಿಟ್ಟು ಹೊಸ್ತಿಲಿಗೂ ಬಾರದ ಮನೆ ಕೊಳ್ಳಲು ಅಕ್ಕಾತಾಯಿಗೆ ಅಷ್ಟು ಸಾಕಾಯಿತು. ಸೇತುವೆ ಬಂದಾದರೆ ಅವರಿಗೇನೂ ತೊಂದರೆಯಿಲ್ಲ. ಹೊಲ, ಮಕ್ಕಳು, ಎಲ್ಲ ಈ ದಡದಲ್ಲೇ. ಮರುದಿನ ಮಗನನ್ನು ಕರೆತಂದರು, ಅದರ ಮರುದಿನ ಮಾತು ಮುಗಿಯಿತು. ಜೋಕಾಲಿ ಮನೆಯ ಜೊತೆಗೇ ಹೋಯಿತು. ಒಂದೇ ಷರತ್ತು ಹಾಕಿದರು: ಆ ಫೋಟೋ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ಕೊಡಬೇಕು, ನಾಳೆ ಯಾರಾದರೂ ಗೆರೆ ಎಲ್ಲಿ ಎಂದು ಕೇಳಿದರೆ ತೋರಿಸಲು. ಹೀಗಾಗಿ ತೂತು ಬನಿಯನ್ನಿನ ಅಪ್ಪ ಈಗ ಸಾಂಗ್ಲಿವಾಡಿಯ ಒಂದು ಪಡಸಾಲೆಯಲ್ಲಿ ಕಾಯಂ ಆಗಿ ಸ್ಕೂಟರು ತೊಳೆಯುತ್ತಿದ್ದಾರೆ. ಆ ಕಡೆ ಹೋಗುವ ಪ್ರಸಂಗ ಬಂದರೆ ಅಪ್ಪನಿಗೆ ಕೂಡಲೇ ಸೊಂಟ ನೋಯುತ್ತದೆ. ದಸರೆಯ ದಿನ ಬನ್ನಿ ಕೊಡಲು ಹೋದ ಅವ್ವ ಚಾಚಾರ ಕೈಯಿಂದ ಕೀಲಿಕೈ ತೆಗೆದುಕೊಂಡು, ಮೊದಲು ಪರದೆ ಕಟ್ಟಿ, ಆಮೇಲೆ ದೀಪ ಹಚ್ಚಿದಳು. ಒಂದು ಪರದೆ ನಾಲ್ಕು ಬೆರಳು ಗಿಡ್ಡವಾಗಿತ್ತು. ಚೆನ್ನಾಗಿದೆ ಎಂದೆ. ಜೀವಮಾನದಲ್ಲಿ ಮೊದಲ ಸಲ, ಯಾವುದಕ್ಕೆ ಹೋಲಿಸಿದರೆ ಎಂದು ಅವ್ವ ನನ್ನನ್ನು ಕೇಳಿದಳು.

ಹಾಗಾದರೆ ಚರ್ಚೆಯಲ್ಲಿ ಗೆದ್ದವರು ಯಾರು? ಇದನ್ನು ಯೋಚಿಸಿ ಯೋಚಿಸಿ ನನಗೆ ನಿದ್ದೆ ಬರುತ್ತಿಲ್ಲ. ಫೋಟೋ ಮುಖ್ಯವಲ್ಲ ಎಂದವಳು ನಾನು. ಮನೆ ಮಾರಿದ್ದು ನನ್ನ ಫೋಟೋ. ನಾನು ಗೆದ್ದೆ ಎಂದರೆ ನನ್ನ ವಾದ ಸೋಲುತ್ತದೆ, ವಾದ ಗೆಲ್ಲಬೇಕಾದರೆ ಫೋಟೋ ನನ್ನದಲ್ಲ ಎನ್ನಬೇಕು. ಅದನ್ನು ಹೇಳೋಣವೆಂದರೆ ಮೂಲೆಯಲ್ಲಿ ನನ್ನ ಹೆಬ್ಬೆರಳಿದೆ.

ಮೊನ್ನೆ ಚಾಚಾ ಕಾರ್ಖಾನೆಯಿಂದ ಒಂದು ತಂಬೂರಿ ಎತ್ತಿಕೊಂಡು ಮೇಲೆ ಬಂದರು. ಎರಡು ವರ್ಷದಿಂದ ಮಾರಾಟವಾಗಿಲ್ಲವಂತೆ. ಸಂತೋಷನಿಂದ ಫೋಟೋ ತೆಗೆಸಿ ಹಾಕಿ ನೋಡಿದರೆ, ಜನ ಇದು ಪ್ಲಾಸ್ಟಿಕ್ಕಿನದೇ ಎಂದು ಕೇಳಿದರಂತೆ. ನೀವು ಮನೆಗೆ ತೆಗೆದಿರಲ್ಲ, ಹಾಗೇ ಒಂದು ತೆಗೆದುಕೊಡಿ ಬೇಟಿ ಎಂದರು. ಇದ್ದದ್ದನ್ನು ಇದ್ದಂತೆ ತಾನೇ, ಅದಕ್ಕೇನು ಎಂದು ತಂಬೂರಿಯನ್ನು ಗೋಡೆಗೆ ಒರಗಿಸಿದೆ. ಪಕ್ಕದಲ್ಲಿ, ತಂಬೂರಿ ಮಾಡಲು ಒಣಗಿಸಿದ ಸೋರೆಬುರುಡೆಯೊಂದನ್ನು ಅಲಕ್ಷ್ಯದಿಂದ ಬಿದ್ದಂತೆ ಇಟ್ಟೆ. ಚಾಚಾರಿಗೆ ಈ ಕಡೆ ನೋಡಬೇಡಿ, ಕೆಲಸದಲ್ಲಿದ್ದಂತೆ ಇರಿ ಎಂದೆ. ಅಪ್ಪನಿಗೆ ಹಳೆಯ ಬನಿಯನ್ನು ಹಾಕಿಸಿ ಹಿಂದೆ ನಿಲ್ಲಿಸಿದೆ. ಆಮೇಲೆ ಮೊಬೈಲು ಹಿಡಿದು ಸುಮಾರು ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಅಕಸ್ಮಾತ್ತಾಗಿ ಬಂದಂತೆ ಕಾಣಬೇಕಾದರೆ ಹೆಬ್ಬೆರಳನ್ನು ಸರಿಯಾಗಿ ಎಲ್ಲಿ ಇಡಬೇಕು ಎಂದು ತಿಳಿಯದೆ.