ಎಲ್‌ಟಿ ಸ್ಕೂಟರಿನ ಬೆನ್ನು ಹತ್ತಿ

ಈ ಸಲ ಕಲ್ಯಾಣಿಯನ್ನು ಸೋಲಿಸಿಯೇ ತೀರುತ್ತೇನೆಂದು ಸಂಕಲ್ಪ ಮಾಡಿದೆ. ಸಾಧಾರಣ ಸಂಕಲ್ಪವಲ್ಲ, ಸಂಶೋಧನಾ ಸಂಕಲ್ಪ! ಹಿರಿಯರ ಮುಂದೆ ಮೂವತ್ತು ವರ್ಷ ಧ್ವನಿಮುದ್ರಕ ಹಿಡಿದು ಕುಳಿತು ಮೌಖಿಕ ಇತಿಹಾಸ ಸಂಗ್ರಹಿಸಿದವನು, ಗಣಿತದ ಟೀಚರಾಗಿ ನಿವೃತ್ತಳಾದ ಹೆಂಡತಿಗೆ ಸತತ ಐದು ವಾರ ಸೋಲುವುದೆಂದರೆ ನನಗೆ ಡಾಕ್ಟರೇಟ್ ಕೊಟ್ಟ ವಿಶ್ವವಿದ್ಯಾಲಯಕ್ಕೇ ಅವಮಾನ.

ಆಟ ಸರಳ. ಆಟೋದಲ್ಲಿ ಹೋಗುವಾಗ ಸಿಗ್ನಲ್ಲಿನಲ್ಲಿ ಮುಂದೆ ನಿಂತ ಗಾಡಿಯ ನಂಬರ್ ಪ್ಲೇಟಿನಿಂದ ನಾಲ್ಕು ಅಕ್ಷರ ತೆಗೆದುಕೊಳ್ಳಬೇಕು. ಕೆ ಮತ್ತು ಎ ಕರ್ನಾಟಕದ ಕೃಪೆ, ಉಳಿದೆರಡು ದೈವಕೃಪೆ. ಆ ನಾಲ್ಕೂ ಇರುವ ಇಂಗ್ಲಿಷ್ ಪದವನ್ನು ಶುಕ್ರವಾರದೊಳಗೆ ಹುಡುಕಬೇಕು. ಅಕ್ಷರಗಳ ಕ್ರಮ ಹೇಗಿದ್ದರೂ ಆದೀತು. ಚಿಕ್ಕ ಪದಕ್ಕೆ ಜಯ. ಸೋತವರು ಅವರೆಕಾಳು ಹಿದುಕಬೇಕು. ಐದು ವಾರದಿಂದ ನನ್ನ ಹೆಬ್ಬೆರಳಿಗೆ ಅವರೆಯ ಸೊಗಡು ಅಂಟಿಕೊಂಡಿತ್ತು.

ಅದೇ ವಾರ ನಿಜವಾಗಿಯೂ ಗಂಭೀರವಾದ ಕೆಲಸವೊಂದಿತ್ತು. ಅಶೋಕ ಪಿಲ್ಲರ್ ಆಚೆಗಿನ ಸಿದ್ದಾಪುರದ ತೋಟಗಳಲ್ಲಿ ಐವತ್ತು ವರ್ಷ ಕಸಿ ಕಟ್ಟಿದ ಮಾರಮ್ಮ, ಅಲ್ಲಿ ಮುಚ್ಚಿಹೋದ ಬಾವಿಗಳ ಹೆಸರು ಬಲ್ಲ ಕೊನೆಯವರು, ಎಂಬತ್ತಾರರ ಮುದುಕಿ. ನೆರೆಮನೆಯವರ ಮೂಲಕ ನಾಲ್ಕು ತಿಂಗಳು ಬೇಡಿಕೊಂಡ ಮೇಲೆ ಗುರುವಾರ ಮಾತನಾಡಲು ಒಪ್ಪಿದ್ದರು. ಅವರು ಹೇಳದೆ ಹೋದರೆ ಆ ಬಾವಿಗಳ ಹೆಸರುಗಳೂ ಮುಚ್ಚಿಹೋದಂತೆಯೇ.

ಭಾನುವಾರ, ಸೌತ್ ಎಂಡ್ ಸರ್ಕಲ್. ನಮ್ಮ ಆಟೋದ ಮುಂದೆ ನೀಲಿ ಸ್ಕೂಟರು. ಅದರ ಮೇಲೆ ಹೆಲ್ಮೆಟ್ಟಿಲ್ಲದ ತಲೆ. ಪ್ಲೇಟಿನಲ್ಲಿ ಎಲ್, ಟಿ. ಕಲ್ಯಾಣಿ ಒಮ್ಮೆ ನೋಡಿದಳು, ನಕ್ಕಳು, ಬಾಯಿ ತೆರೆದಳು.

“ಕಲ್ಯಾಣಿ, ಡೋಂಟ್ ಟಾಕ್! ಯೋಚನೆ ಮಾಡ್ತಿದ್ದೀನಿ.”

ಅವಳ ನಗು ಇಮ್ಮಡಿಯಾಯಿತು. ಏಕೆಂದು ನಾನು ಕೇಳಲಿಲ್ಲ. ನನ್ನ ಚಿಂತೆಯೇ ಬೇರೆ. ಪ್ಲೇಟಿಗೆ ಕೆಸರು ಮೆತ್ತಿತ್ತು. ಅದು ಎಲ್ಲೋ, ಐಯೋ? ಅಯ್ಯೋ, ಎಲ್ಲಿ ಖಚಿತಪಡಿಸಿಕೊಳ್ಳುವುದು! ಮೂಲವನ್ನು ಪರಿಶೀಲಿಸದೆ ದಾಖಲಿಸುವುದು ನನ್ನ ವೃತ್ತಿಯಲ್ಲಿ ಮಹಾಪಾಪ. ಅರ್ಧ ದೇಹವನ್ನು ಆಟೋದಿಂದ ಹೊರಚಾಚಿ, ನೋಟ್‌ಬುಕ್ ತೆರೆದು ಪೆನ್ನೆತ್ತಿದೆ. ಸವಾರ ತಿರುಗಿ ನೋಡಿದ. ನರೆಗೂದಲು, ಕನ್ನಡಕ, ಪುಸ್ತಕ, ಪೆನ್ನು! ಹಸಿರು ದೀಪ ಬಿದ್ದದ್ದೇ ತಡ, ಬಾಣದಂತೆ ಹೋದ.

“ಆ ಸ್ಕೂಟರ್ ಹಿಂದೆ ಹೋಗಿ, ಬೇಗ!”

“ಯಾಕ್ ಸಾರ್, ಮೊಬೈಲ್ ಕಿತ್ಕೊಂಡ್ನಾ?” ಎಂದ ಆಟೋದವನು.

“ಇಲ್ಲ. ಅದು ಎಲ್ಲೋ ಐಯೋ ನೋಡ್ಬೇಕು.”

ಅವನು ಕನ್ನಡಿಯಲ್ಲಿ ಕಲ್ಯಾಣಿಯ ಮುಖ ಹುಡುಕಿದ. “ಮೇಡಂ, ಸಾರ್ ಹುಷಾರಾಗಿದಾರಾ?”

“ಮೂವತ್ತೈದು ವರ್ಷದಿಂದ ಹೀಗೇ ಇದಾರೆ. ಓಡ್ಸಿ.”

ಅಶೋಕ ಪಿಲ್ಲರ್ ಬಳಿ ಹಿಡಿದೆವು. ಎಲ್ ಎಂದೇ ಖಚಿತವಾಯಿತು! ಕೃತಜ್ಞತೆಯಿಂದ ಕೈಯೆತ್ತಿದೆ. ಅದನ್ನವನು “ನಿಲ್ಲಿಸು” ಎಂದು ತಿಳಿದನೇನೋ, ಸಿದ್ದಾಪುರದ ಸಂದಿಯೊಂದಕ್ಕೆ ನುಗ್ಗಿ ಮಾಯವಾದ.

ಮನೆಗೆ ಬಂದವನೇ ನಿಘಂಟನ್ನು ಮೊದಲ ಪುಟದಿಂದ, ಒಂದು ಪದವನ್ನೂ ಬಿಡದೆ ಓದಲಾರಂಭಿಸಿದೆ. ಬುಧವಾರ ಸಂಜೆ ಸಿಕ್ಕಿತು: ಆಲ್ಕಲಿನಿಟಿ! ಕ್ಷಾರಗುಣ! ನಾಲ್ಕೂ ಅಕ್ಷರಗಳು ಅದರೊಳಗೆ ಸಕುಟುಂಬವಾಗಿ ವಾಸವಾಗಿದ್ದವು.

“ಹತ್ತಕ್ಷರ,” ಎಂದಳು ಕಲ್ಯಾಣಿ. “ನಂದು ಇದಕ್ಕಿಂತ ಚಿಕ್ಕದು. ಈ ವೇಗದಲ್ಲಿ ಓದಿದ್ರೆ ನೀವು ಅಲ್ಲಿಗೆ ಬರೋಷ್ಟರಲ್ಲಿ ಯುಗಾದಿ ಕಳೆದಿರುತ್ತೆ.”

ಗುರುವಾರ ಧ್ವನಿಮುದ್ರಕವನ್ನು ಚಾಲೂ ಮಾಡಿಕೊಂಡೇ ಮಾರಮ್ಮನ ಬಾಗಿಲಿಗೆ ಹೋದೆ. ಹೊಸ್ತಿಲಿನ ಪಕ್ಕದಲ್ಲೇ ನೀಲಿ ಸ್ಕೂಟರು! ಎಲ್, ಟಿ! ಕಳೆದುಹೋದ ಬಂಧು ಸಿಕ್ಕಂತಾಗಿ ಬಗ್ಗಿ ಪ್ಲೇಟನ್ನು ಸವರುತ್ತಿದ್ದಾಗ ಬಾಗಿಲು ತೆರೆಯಿತು.

“ಅಮ್ಮಾ! ಫೈನ್ ಬರ್ಕೊಳ್ಳೋರು ಮನೇಗೇ ಬಂದವ್ರೆ!”

ಅದು ಮಾರಮ್ಮನ ಮಗ ರವಿಕುಮಾರ್. ಮಾರಮ್ಮ ಕೋಲೂರಿಕೊಂಡು ಹಿಂದೆಯೇ ಬಂದರು.

“ಕತೆ ಕೇಳೋಕ್ ಬರೋನು ನೀನೇಯಾ? ನಮ್ ರವಿ ನಂಬರ್ ಯಾಕ್ ಬರ್ಕಂಡೆ?”

“ಅದೊಂದು ಆಟ, ಅಮ್ಮ. ಅಕ್ಷರದಿಂದ ಪದ ಹುಡುಕೋದು.”

“ವಯಸ್ಸೆಷ್ಟು ನಿಂಗೆ?”

“ಅರವತ್ತೆರಡು.”

“ಅರವತ್ತೆರಡು ವರ್ಸ ಏನ್ ಕಲ್ತೆ? ಕೂತ್ಕೋ, ಹೇಳು.”

ಒಂದೇ ಪದದಲ್ಲಿ ಉತ್ತರಿಸಲಾಗದ ಪ್ರಶ್ನೆ ಕೇಳಬೇಕು, ಆಮೇಲೆ ಸುಮ್ಮನಿರಬೇಕು; ಇದು ನಾನೇ ವಿದ್ಯಾರ್ಥಿಗಳಿಗೆ ಕಲಿಸಿದ ವಿಧಾನ. ಮಾರಮ್ಮ ಕೇಳಿದರು, ಸುಮ್ಮನಿದ್ದರು. ನಾನು ಹೇಳಿದೆ. ಆಟ ಹೇಳಿದೆ, ಐದು ಸೋಲು ಹೇಳಿದೆ, ಅವರೆಕಾಳು ಹೇಳಿದೆ. ಕಡೆಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಡಿಕ್ಟೇಷನ್ ತಪ್ಪಿ ಬೆಂಚಿನ ಮೇಲೆ ನಿಂತದ್ದನ್ನೂ ಹೇಳಿಬಿಟ್ಟೆ. ಕಲ್ಯಾಣಿಗೂ ಗೊತ್ತಿಲ್ಲದ ಸಂಗತಿ!

ರವಿಕುಮಾರ್ ಕಿಸಕ್ಕನೆ ನಕ್ಕ. ಮಾರಮ್ಮ ಅವನತ್ತ ತಿರುಗಿದರು. “ನೀನೇನ್ಲಾ ನಗ್ತೀಯ? ತಲೆಗೆ ಹೆಲ್ಮೆಟ್ಟಿದ್ದಿದ್ರೆ ಇಂಥೋರ್ಗೆಲ್ಲ ಹೆದರ್ಕಂಡು ಓಡ್ಬೇಕಿತ್ತಾ?”

ಕಡೆಗೆ ನನಗೂ ತೀರ್ಪು ಬಂತು. “ಮುಂದಿನ್ ಗುರುವಾರ ಬಾ. ಬಾವಿ ಇಚಾರ ಹೇಳ್ತೀನಿ. ಆದ್ರೆ ನಿನ್ ಹೆಂಡ್ತೀನ ಕರ್ಕಂಬಾ, ಆಯಮ್ಮನ್ಗೆ ಹೇಳ್ತೀನಿ. ನಿಂಗೆ ಮಾತಾಡೋಕ್ ಬರುತ್ತೆ, ಕೇಳೋಕ್ ಬರಕಿಲ್ಲ.”

ಶುಕ್ರವಾರ ಕಲ್ಯಾಣಿ ಧ್ವನಿಮುದ್ರಣವನ್ನು ಪೂರ್ತಿ ಆಲಿಸಿದಳು. ನಲವತ್ತು ನಿಮಿಷ, ಸಂದರ್ಶಕಿ ಮಾರಮ್ಮ, ನಿರೂಪಕ ನಾನು. ಅವಳು ಕಣ್ಣೊರೆಸಿಕೊಂಡದ್ದು ಮರುಕದಿಂದಲ್ಲ.

“ಸೋತೆ. ನಿನ್ನ ಪದ ಯಾವ್ದು?” ಎಂದೆ.

“ಅದು ನಿಮ್ಮ ಪದಾನೇ, ರೀ. ಭಾನುವಾರ ಸಿಗ್ನಲ್‌ನಲ್ಲಿ ನಾನು ಬಾಯಿ ತೆಗೆಯೋ ಮುಂಚೆ ನೀವೇ ಹೇಳಿದ್ರಿ. ಡೋಂಟ್ ಅಂದ್ರಿ. ಆಮೇಲೆ ಏನಂದ್ರಿ?”

ಟಿ. ಎ. ಎಲ್. ಕೆ. ಮೂವತ್ತು ವರ್ಷ ನನಗೆ ಅನ್ನ ಹಾಕಿದ ಪದ!

“ಅದರ ಶುರುನಲ್ಲೊಂದು ಎಸ್ ಸೇರಿಸಿದ್ರೆ,” ಎಂದಳು, “ಆಮೇಲೆ ಆ ಸ್ಕೂಟರ್ ಹಿಂದೆ ಬಿದ್ದು ನೀವು ಮಾಡಿದ್ದು.”

ಇದಕ್ಕೊಂದು ಶಾಸ್ತ್ರೀಯ ಸಮರ್ಥನೆ ಕೊಡಲು ಬಾಯಿ ತೆರೆದೆ.

“ಡೋಂಟ್,” ಎಂದು ಕಲ್ಯಾಣಿ ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ನನ್ನ ಮುಂದೆ ಸರಿಸಿದಳು.