ಒಬ್ಬ ಡಾಕ್ಟರನ್ನು ನಾಲ್ಕು ತಾಲ್ಲೂಕಿಗೆ ತೆಳುಗೊಳಿಸಿದ್ದನ್ನು ಹಿಂಪಡೆಯುವ ಬಗ್ಗೆ

ಸಾರ್ವಜನಿಕ ಉಪಚಾರ ವಿಭಾಗ
(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು)
ಅಧೀಕ್ಷಕರ ಕಛೇರಿ, ಮಧುಗಿರಿ

ಸಂಖ್ಯೆ: ಸಾಉವಿ/ತೆಳು/ಹಿಂಪಡೆ/01/2025-26
ದಿನಾಂಕ: ಚೇಳು ಕುಟುಕಿದ ಮರುದಿನ

ಸುತ್ತೋಲೆ

ವಿಷಯ: ಡಾ. ಅಶ್ವಿನಿಯವರನ್ನು ಹೋಮಿಯೋಪಥಿ ತತ್ವದಂತೆ ನಾಲ್ಕು ಕೇಂದ್ರಗಳಿಗೆ ಹಂಚಿ ತೆಳುಗೊಳಿಸಿದ್ದನ್ನು ರದ್ದುಪಡಿಸಿ, ಒಂದೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂರಿಸುವ ಬಗ್ಗೆ.

ಉಲ್ಲೇಖ:
1. ಶಿರಾದಲ್ಲಿ ನಡೆದ ‘ಹೋಮಿಯೋಪಥಿ ಮತ್ತು ವಿಜ್ಞಾನ’ ವಿಚಾರ ಸಂಕಿರಣ (ಊಟ ಸಹಿತ).
2. ಇದೇ ಕಛೇರಿಯ ಸುತ್ತೋಲೆ ಸಂಖ್ಯೆ ಸಾಉವಿ/ತೆಳು/30 (ಇನ್ನು ಮುಂದೆ ‘ತೆಳು ಸುತ್ತೋಲೆ’).
3. ಕೊರಟಗೆರೆ ತಾಲ್ಲೂಕು ಕೊಳಾಲ ಹೋಬಳಿ, ಬಂಡೆಮೇಗಳಹಳ್ಳಿ ಉಪಚಾರ ಕೇಂದ್ರದ ಚೇಳಿನ ಅಭಿಪ್ರಾಯ (ಬಾಲದ ಮೂಲಕ ಸ್ವೀಕೃತ).

ಮೇಲ್ಕಂಡ ವಿಷಯದಲ್ಲಿ ಸಂಬಂಧಪಟ್ಟ ಎಲ್ಲರ, ಹಾಗೂ ಯಾವ ಸಂಬಂಧವೂ ಇಲ್ಲದೆ ಕಷ್ಟಪಟ್ಟವರ, ಗಮನಕ್ಕೆ ತರಲಾಗುವುದೇನೆಂದರೆ:

1. ಈ ವಿಭಾಗದ ಅಧೀಕ್ಷಕರಾದ ಶ್ರೀ ಅಡವಯ್ಯನವರು ಉಲ್ಲೇಖ 1ರ ಸಂಕಿರಣಕ್ಕೆ ವಂದನಾರ್ಪಣೆಯ ಸಲುವಾಗಿ ನಿಯೋಜಿತರಾಗಿದ್ದರು. ವಂದನಾರ್ಪಣೆ ಮಾಡುವವರು ಅಲ್ಲಿಯವರೆಗೂ ಎಚ್ಚರವಿರತಕ್ಕದ್ದೆಂಬ ನಿಯಮ ಸೇವಾ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲದ ಕಾರಣ, ಅವರು ನಡುನಡುವೆ ಮಾತ್ರ ಎಚ್ಚರವಿದ್ದರೆಂದು ದಾಖಲಿಸಲಾಗಿದೆ.

ವೇದಿಕೆಯ ಮೇಲೆ ವಾದಕ್ಕಿದ್ದವರು ತೋವಿನಕೆರೆಯ ಅಣ್ಣ-ತಂಗಿ. ಅಣ್ಣ ಚಿರಂಜೀವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ತಂಗಿ ಲೋಹಿತಾ ಹೋಮಿಯೋಪಥಿ ವೈದ್ಯೆ. ಒಂದೇ ಮನೆಯಲ್ಲಿ ಬೆಳೆದೂ ಇಬ್ಬರೂ ಯಾವುದಕ್ಕೂ ಒಪ್ಪಿದವರಲ್ಲ. ಒಂದು ಹನಿ ಔಷಧಿಯನ್ನು ನೂರು ಹನಿ ನೀರಿಗೆ ಬೆರೆಸಿ ಕುಲುಕಿ, ಅದರಲ್ಲಿ ಒಂದು ಹನಿ ತೆಗೆದು ಮತ್ತೆ ನೂರಕ್ಕೆ ಬೆರೆಸಿ, ಹೀಗೆ ಮೂವತ್ತು ಸಲ ಮಾಡಿದರೆ ಮೂಲ ಔಷಧಿಯ ಒಂದು ಅಣುವೂ ಸೀಸೆಯಲ್ಲಿ ಉಳಿಯುವುದಿಲ್ಲ, ಹನ್ನೆರಡನೆಯ ಸಲದ ಹೊತ್ತಿಗೇ ಅದು ಮುಗಿದ ಕಥೆ, ಬರೀ ಸಕ್ಕರೆ ಗುಳಿಗೆಯ ಪಕ್ಕದಲ್ಲಿಟ್ಟು ನೋಡಿದ ಒಳ್ಳೆಯ ಪರೀಕ್ಷೆಗಳಲ್ಲಿ ನಂಬುವಂಥ ವ್ಯತ್ಯಾಸ ಕಂಡಿಲ್ಲ ಎಂದು ಅಣ್ಣ ಹೇಳಿದರು. ತೆಳುಗೊಳಿಸಿ ಕುಲುಕಿದಷ್ಟೂ ಶಕ್ತಿ ಏರುತ್ತದೆ, ನೀರಿಗೆ ಔಷಧಿಯ ನೆನಪು ಉಳಿಯುತ್ತದೆ, ನಂಬದವರು ಬೆಳಿಗ್ಗೆ ತಮ್ಮ ಬಾಗಿಲಲ್ಲಿ ನಿಲ್ಲುವ ಸಾಲು ನೋಡಿಕೊಂಡು ಹೋಗಬಹುದು ಎಂದು ತಂಗಿ ಹೇಳಿದರು.

“ಒಬ್ಬೊಬ್ರನ್ನೂ ಅರ್ಧ ಗಂಟೆ ಕೂರಿಸ್ಕಂಡು ಕಷ್ಟ ಕೇಳ್ತೀಯಲ್ಲ, ಅದು ಕಣಮ್ಮ ಕೆಲ್ಸ ಮಾಡೋದು. ಗುಳಿಗೆ ಅಲ್ಲ” ಎಂದು ಅಣ್ಣ ಮರುನುಡಿದರು. ಈ ಮಾತಿನ ಹೊತ್ತಿಗೆ ಅಡವಯ್ಯನವರ ಕಣ್ಣು ಹತ್ತಿತ್ತು.

2. ಚಪ್ಪಾಳೆಯಿಂದ ಎಚ್ಚರಗೊಂಡ ಅಡವಯ್ಯನವರ ತಲೆಯಲ್ಲಿ ‘ತೆಳುಗೊಳಿಸಿದಷ್ಟೂ ಶಕ್ತಿ ಹೆಚ್ಚು’ ಎಂಬುದಷ್ಟೇ ಉಳಿದಿತ್ತು. ಆ ಕಾಲಕ್ಕೆ ವಿಭಾಗದ ನಾಲ್ಕು ಕೇಂದ್ರಗಳ ಪೈಕಿ ಮೂರಕ್ಕೆ ಡಾಕ್ಟರೇ ಇರಲಿಲ್ಲ. ಕೊಡಿ ಎಂದು ಬರೆದರೆ ‘ಇರುವುದರಲ್ಲೇ ಹೊಂದಿಸಿಕೊಳ್ಳಿ’ ಎಂಬ ಉತ್ತರ ಮೇಲಿನಿಂದ ಬರುತ್ತಿತ್ತು. ಹೊಂದಿಸಿಕೊಳ್ಳುವುದಕ್ಕೆ ಇಷ್ಟು ಚೆಂದದ ವೈಜ್ಞಾನಿಕ ಹೆಸರು ಇದೆಯೆಂದು ತಿಳಿದ ಅಡವಯ್ಯನವರಿಗೆ ಸಂತೋಷ ತಡೆಯಲಾಗಲಿಲ್ಲ. ಅಣ್ಣನ ವಾದ ತಮ್ಮ ಕೆಲಸಕ್ಕೆ ಬಾರದ್ದೆಂದು ಬಿಟ್ಟು, ತಂಗಿಯ ವಾದದಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ತೆಗೆದುಕೊಂಡು, ಮಧುಗಿರಿ ಬಸ್ಸು ಇಳಿಯುವಷ್ಟರಲ್ಲಿ ಕರಡು ಸಿದ್ಧಪಡಿಸಿದರು.

3. ಸದರಿ ತೆಳು ಸುತ್ತೋಲೆಯ ಮುಖ್ಯ ಕಲಮುಗಳನ್ನು, ನಾಚಿಕೆಯ ಸಲುವಾಗಿ, ಇಲ್ಲಿ ಯಥಾವತ್ತಾಗಿ ಉದ್ಧರಿಸಲಾಗಿದೆ:

(ಅ) ಬಂಡೆಮೇಗಳಹಳ್ಳಿಯ ಖಾಯಂ ಡಾಕ್ಟರಾದ ಡಾ. ಅಶ್ವಿನಿಯವರಿಗೆ ಶಿರಾ ತಾಲ್ಲೂಕು ಕಳ್ಳಂಬೆಳ್ಳದ ಕಡೆಯ, ಮಧುಗಿರಿ ಕಡೆಯ ಮತ್ತು ಪಾವಗಡ ಕಡೆಯ ಕೇಂದ್ರಗಳ ಪ್ರಭಾರವನ್ನೂ ವಹಿಸಲಾಗಿದೆ. ನಡುವೆ ಅವರು ಬಸ್ಸಿನಲ್ಲಿ ಕುಲುಕಾಡುವುದನ್ನು ಶಕ್ತಿವರ್ಧನೆ ಎಂದು ಪರಿಗಣಿಸತಕ್ಕದ್ದು. ರಸ್ತೆ ಕೆಟ್ಟಷ್ಟೂ ಉತ್ತಮ.

(ಆ) ಡಾಕ್ಟರ ಕುರ್ಚಿಯ ಮೇಲಿನ ಬಿಳಿ ಟರ್ಕಿ ಟವೆಲ್ಲನ್ನು ಮೂಲ ದ್ರವ್ಯವೆಂದು ಘೋಷಿಸಲಾಗಿದೆ. ಅದನ್ನು ನಾಲ್ಕು ತುಂಡು ಮಾಡಿ, ನಾಲ್ಕೂ ಕೇಂದ್ರಗಳ ಕುರ್ಚಿಗಳಿಗೆ ಹೊದಿಸತಕ್ಕದ್ದು.

(ಇ) ಡಾಕ್ಟರಿಲ್ಲದ ದಿನ ರೋಗಿಯನ್ನು ಸದರಿ ಕುರ್ಚಿಯ ಮುಂದೆ ಕೂರಿಸಿ, ಕುರ್ಚಿಯನ್ನು ನೆಲಕ್ಕೆ ಹತ್ತು ಸಲ ಕುಟ್ಟಿ, ಕಷ್ಟ ಹೇಳಿಕೊಳ್ಳಲು ಅವಕಾಶ ಕಲ್ಪಿಸತಕ್ಕದ್ದು. ಕುರ್ಚಿ ಉತ್ತರ ಕೊಡಲಿಲ್ಲವೆಂಬ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.

(ಈ) ಟವೆಲ್ಲಿನ ತುಂಡೂ ತಲುಪದ ಹಳ್ಳಿಗಳಿಗೆ ಅದರ ಒಂದೊಂದು ಎಳೆಯನ್ನು ಕಳುಹಿಸಲಾಗುವುದು. ಎಳೆ ಕಳೆದುಹೋದಲ್ಲಿ, ಎಳೆ ಇತ್ತೆಂಬ ನೆನಪೇ ಸಾಕಾಗತಕ್ಕದ್ದು.

(ಉ) ಇಷ್ಟಾದರೂ ಗುಣವಾಗದವರು, ತಮಗೆ ಪ್ರಮಾಣ ಹೆಚ್ಚಾಗಿದೆಯೆಂದು ಅರಿತು, ಕುರ್ಚಿಯಿಂದ ಇನ್ನಷ್ಟು ದೂರ ಕೂರತಕ್ಕದ್ದು.

(ಊ) ಕಛೇರಿಯ ಜೀಪಿಗೂ ಇದೇ ತತ್ವ ಅನ್ವಯಿಸತಕ್ಕದ್ದು. ಜೀಪು ಯಾವ ತಾಲ್ಲೂಕಿನಲ್ಲಿ ಇಲ್ಲವೋ ಅಲ್ಲಿ ಅದರ ಪರಿಣಾಮ ಹೆಚ್ಚಿರತಕ್ಕದ್ದು.

4. ತೆಳು ಸುತ್ತೋಲೆ ಜಾರಿಯಾದ ಮೇಲೆ ನಾಲ್ಕೂ ಕೇಂದ್ರಗಳಿಗೆ ಬರುವ ರೋಗಿಗಳು ಕಡಿಮೆಯಾದರು. ಇದನ್ನು ಕಾಯಿಲೆ ಕಡಿಮೆಯಾಗಿದೆ ಎಂದು ಓದಿಕೊಳ್ಳಲಾಯಿತು. ಮೇಲಿನಿಂದ ಪ್ರಶಂಸಾ ಪತ್ರ ಬಂದಿತು. ಅಡವಯ್ಯನವರು ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಅವರ ಶ್ರೀಮತಿ ಚನ್ನಮಲ್ಲಮ್ಮನವರು ಮಾತ್ರ, “ಅಂಗಾದ್ರೆ ನಿಮ್ ಸಂಬ್ಳಾನೂ ಒಂದ್ ತೊಟ್ಟು ಕೊಡ್ಲಿ ಬುಡಿ, ಶಕ್ತಿ ಜಾಸ್ತಿ ಆಗ್ತೈತೆ” ಎಂದರು. ಗೃಹ ಇಲಾಖೆಯ ಈ ಟಿಪ್ಪಣಿಯನ್ನು ಕಡತಕ್ಕೆ ಸೇರಿಸಿರುವುದಿಲ್ಲ.

5. ಹೀಗಿರಲಾಗಿ, ನಿನ್ನೆಯ ದಿನ ಅಡವಯ್ಯನವರು ತಮ್ಮ ಯಶಸ್ಸನ್ನು ಖುದ್ದು ಕಣ್ತುಂಬಿಕೊಳ್ಳಲು ಬಂಡೆಮೇಗಳಹಳ್ಳಿ ಕೇಂದ್ರಕ್ಕೆ ತಪಾಸಣೆಗೆ ತೆರಳಿದರು. ಜೀಪು ಪಾವಗಡದಲ್ಲಿ ತೆಳುವಾಗಿದ್ದ ಕಾರಣ ಬಸ್ಸಿನಲ್ಲಿ ತೆರಳಿದರು. ಡಾಕ್ಟರೂ ಪಾವಗಡದ ಕಡೆಯಿಂದ ಇನ್ನೂ ಬಂದಿರಲಿಲ್ಲ. ಜಗಲಿಯ ಮೇಲೆ ಓಬಳಮ್ಮ ಎಂಬ ಹಿರಿಯ ಹೆಂಗಸು ಒಬ್ಬರೇ ಕುಳಿತಿದ್ದರು. ಕಾಲು ಊದಿಕೊಂಡಿತ್ತು. ಎರಡು ಮಾತಿಗೊಮ್ಮೆ ತಡೆದು ಉಸಿರೆಳೆದುಕೊಳ್ಳುತ್ತಿದ್ದರು. ಚಿಕಿತ್ಸೆ ಹೇಗಿದೆಯೆಂದು ಅಡವಯ್ಯನವರು ವಿಚಾರಿಸಲಾಗಿ ಅವರು, “ಬಂದಾಗ್ಲೆಲ್ಲ ಡಾಕ್ಟ್ರಮ್ಮ ಇನ್ನೊಂದೂರಲ್ಲಿರ್ತಾರೆ. ಬೋಲ್ಡಲ್ಲಿ ಅವ್ರ ಹೆಸ್ರೈತಲ್ಲ ಸಾಮಿ, ಅದ್ಕೇ ಒಂದಿಷ್ಟು ಹೇಳ್ಕಂಡು ಹೊಂಟೋಗ್ತೀನಿ. ಇವತ್ತೂ ಸಿಗ್ದಿದ್ರೆ ಅಳಿಯ ಬೈಕಲ್ಲಿ ಕೊರಟಗೆರೆಗೆ ಕರ್ಕಂಡೋಗ್ತೀನಿ ಅಂದವ್ನೆ” ಎಂದು ತಿಳಿಸಿದರು.

ಅಡವಯ್ಯನವರು ‘ನಾಮಫಲಕದ ಮಟ್ಟದಲ್ಲೇ ಜನಸ್ಪಂದನೆ ಉತ್ತಮ’ ಎಂದು ಬರೆದುಕೊಂಡು ಒಳಗೆ ಹೋದರು.

6. ಒಳಗೆ ಹೋಗಿ ಡಾಕ್ಟರ ಕುರ್ಚಿಯಲ್ಲಿ ತಾವೇ ಒಂದು ಗಳಿಗೆ ಕೂರಬೇಕೆಂದು ಅವರಿಗೆ ಆಸೆಯಾಯಿತು. ಟವೆಲ್ಲಿನ ತುಂಡು ಸರಿಪಡಿಸಲು ಕೈಯಿಟ್ಟರು. ಹಲವು ದಿನಗಳಿಂದ ಯಾರೂ ಕೂರದ ಆ ಕುರ್ಚಿಯಲ್ಲಿ ಡಾಕ್ಟರ ಶಕ್ತಿಯ ಬದಲು ಚೇಳೊಂದು ವಾಸವಾಗಿರುವುದು ಈ ಸಂದರ್ಭದಲ್ಲಿ ಕಂಡುಬಂದಿತು. ಅದು ಅಧೀಕ್ಷಕರ ಬಲಗೈಗೆ ಕುಟುಕಿತು. ಅದರ ವಿಷವನ್ನು ಯಾರೂ ತೆಳುಗೊಳಿಸಿರಲಿಲ್ಲ.

7. ಕೇಂದ್ರದ ಅಟೆಂಡರ್ ಶ್ರೀ ಕದಿರಯ್ಯನವರು ಓಡಿಬಂದರು. ಪಾವಗಡದ ಕಡೆಯವರಾದ ಇವರು ಸುತ್ತೋಲೆಯನ್ನು ಅಕ್ಷರಶಃ ಪಾಲಿಸುವವರು. ಅಡವಯ್ಯನವರನ್ನು ಹಿಡಿದು ಕುರ್ಚಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಕುರ್ಚಿಯನ್ನೆತ್ತಿ ನೆಲಕ್ಕೆ ಕುಟ್ಟತೊಡಗಿದರು.

“ಏನಯ್ಯಾ ಮಾಡ್ತಿದೀಯ?” ಎಂದು ಅಡವಯ್ಯನವರು ಕೂಗಿದರು.

“ಏಂ ಸಾರ್ ಇಂಗಂತೀರ, ನಿಮ್ದೇ ಆರ್ಡ್ರು. ಇನ್ನಾ ನಾಕು ಸಲ ಐತೆ, ಆಮೇಲೆ ನೀವು ಕಷ್ಟ ಹೇಳ್ಕಬೌದು” ಎಂದು ಕದಿರಯ್ಯನವರು ಕುಟ್ಟುವುದನ್ನು ಮುಂದುವರಿಸಿದರು.

ಉರಿ ಭುಜದವರೆಗೆ ಏರಿತ್ತು. ಮೈಯೆಲ್ಲ ಬೆವರಿ, ಎದೆ ಹೊಡೆದುಕೊಳ್ಳುತ್ತಿತ್ತು. ಅಡವಯ್ಯನವರಿಗೆ ಜೀವಭಯವಾಯಿತು, ಇದನ್ನು ಯಾವ ಆಡಳಿತ ಭಾಷೆಯಲ್ಲಿ ಬರೆದರೂ ಅಷ್ಟೇ. ಅವರು ಕುರ್ಚಿಗೆ ಕೈಮುಗಿದು ಕಷ್ಟ ಹೇಳಿಕೊಂಡರು. ಕುರ್ಚಿ ಉತ್ತರ ಕೊಡಲಿಲ್ಲ. ಕಲಂ (ಇ) ಪ್ರಕಾರ ದೂರು ಕೊಡುವ ಹಾಗೂ ಇರಲಿಲ್ಲ.

8. ಡಾ. ಅಶ್ವಿನಿಯವರಿಗೆ ಫೋನ್ ಮಾಡಲಾಯಿತು. “ನಾನಿನ್ನೂ ಬಸ್ಸಲ್ಲಿದೀನಿ ಸಾರ್, ಬರೋದು ಮಧ್ಯಾಹ್ನ ಆಗುತ್ತೆ. ನನಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ” ಎಂದರು. ಆಂಬುಲೆನ್ಸು ಯಾರದೋ ಹೆರಿಗೆಗೆ ಹೋಗಿತ್ತು. ಅಡವಯ್ಯನವರು ಕಟ್ಟಕಡೆಯ ಆಸೆಯಿಂದ, ಒಂದು ಗುಳಿಗೆಯಾದರೂ ಹೇಳಿಯಾರೆಂದು ಲೋಹಿತಾ ಅವರಿಗೆ ಫೋನ್ ಮಾಡಿದರು.

“ಚೇಳಾ? ಗುಳಿಗೆ-ಗಿಳಿಗೆ ಏನೂ ಬೇಡ ಅಡವಯ್ಯನೋರೆ, ಮೊದ್ಲು ಆಸ್ಪತ್ರೆಗೆ ಹೋಗಿ” ಎಂದು ಅವರು ಗದರಿದರು. ಫೋನು ಅಣ್ಣನ ಕೈಗೆ ಹೋಯಿತು. “ನಮ್ ಲೋಹಿತಾ ಹೇಳಿದ್ದೇ ಸರಿ ಸಾರ್, ಹೊರಡಿ” ಎಂದರು ಚಿರಂಜೀವಿ. ಅಣ್ಣ-ತಂಗಿ ಒಪ್ಪಿದ ಮೊದಲ ಮಾತು ಇದೇ ಎಂದು ತೋವಿನಕೆರೆಯಿಂದ ವರದಿಯಾಗಿದೆ.

9. ಅಷ್ಟರಲ್ಲಿ ಓಬಳಮ್ಮನವರ ಅಳಿಯ ರಂಗೇಶ್ ಅವರು ಅತ್ತೆಯನ್ನು ಕರೆದೊಯ್ಯಲು ಬೈಕು ತಂದು ನಿಲ್ಲಿಸಿದರು. ಬೈಕಿನ ಹಿಂದೆ ಒಬ್ಬರಿಗೆ ಮಾತ್ರ ಜಾಗ. ಅಡವಯ್ಯನವರು ಬೈಕು ನೋಡಿದರು, ಓಬಳಮ್ಮನವರ ಕಾಲು ನೋಡಿದರು.

“ನಂದು ಇವತ್ತಿನ ಕಾಯ್ಲೆ ಅಲ್ಲ ಬುಡಿ, ನಾಳೀಕೂ ಇರ್ತೈತೆ. ಚೇಳಿನ್ ಇಸ ಕಾಯಕಿಲ್ಲ. ನೀವು ಹತ್ತಿ ಸಾಮಿ” ಎಂದರು ಓಬಳಮ್ಮ.

ಅಡವಯ್ಯನವರು ಬೇಡವೆನ್ನಲಿಲ್ಲ. ಹತ್ತಿದರು.

10. ಕೊರಟಗೆರೆಯಲ್ಲಿ ಒಬ್ಬ ಡಾಕ್ಟರು ಇದ್ದರು. ಪೂರ್ತಿ ಇದ್ದರು. ಕೈ ಹಿಡಿದು ನೋಡಿದರು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು, ಎಲ್ಲಿಂದ ಎಲ್ಲಿಗೆ ಉರಿ ಎಂದು ಕೇಳಿದರು, ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡರು. ಸಂಜೆ ಅಣ್ಣ-ತಂಗಿ ಎಳನೀರು ಹಿಡಿದು ನೋಡಲು ಬಂದಾಗ ಅಡವಯ್ಯನವರು, ಸಂಕಿರಣದಲ್ಲಿ ತಾವು ನಿದ್ದೆ ಹೋದಾಗ ಏನು ಚರ್ಚೆಯಾಯಿತೆಂದು ಕೇಳಿದರು. ಕೂರಿಸಿಕೊಂಡು ಕಷ್ಟ ಕೇಳುವುದೇ ಕೆಲಸ ಮಾಡುತ್ತದೆ, ಗುಳಿಗೆ ಅಲ್ಲ ಎಂಬ ಮಾತನ್ನು ಚಿರಂಜೀವಿಯವರು ಮತ್ತೆ ಹೇಳಿದರು. ಲೋಹಿತಾ ಅವರು ಅದನ್ನು ಅರ್ಧ ಒಪ್ಪಿದರು. ಉಳಿದರ್ಧಕ್ಕೆ ಇಬ್ಬರೂ ವಾರ್ಡಿನಲ್ಲೇ ಜಗಳವಾಡಿ ನರ್ಸಿನಿಂದ ಬೈಸಿಕೊಂಡು ಹೋದರು.

ಓಬಳಮ್ಮನವರು ಮಧ್ಯಾಹ್ನದವರೆಗೂ ಕಾಯಲಾರದೆ, ದಾರಿಯುದ್ದಕ್ಕೂ ಕೂತು ಕೂತು ನಡೆದು ಮನೆ ಸೇರಿದರೆಂದು ರಂಗೇಶ್ ಅವರಿಂದ ತಿಳಿದುಬಂದಿದೆ. ಅಡವಯ್ಯನವರಿಗೆ ರಾತ್ರಿ ನಿದ್ದೆ ಬರಲಿಲ್ಲ. ಕೈಯ ನೋವು ಅದಕ್ಕೆ ಕಾರಣವಲ್ಲ.

11. ಪ್ರಯುಕ್ತ, ಈ ದಿನದಿಂದಲೇ ಜಾರಿಗೆ ಬರುವಂತೆ ಕೆಳಕಂಡಂತೆ ಆದೇಶಿಸಲಾಗಿದೆ:

(ಕ) ತೆಳು ಸುತ್ತೋಲೆಯನ್ನು ರದ್ದುಪಡಿಸಲಾಗಿದೆ. ಅದರ ನೆನಪು ಮಾತ್ರ ಅಧೀಕ್ಷಕರ ಬಲಗೈಯಲ್ಲಿ ಉಳಿಯತಕ್ಕದ್ದು.

(ಖ) ಡಾ. ಅಶ್ವಿನಿಯವರು ಬಂಡೆಮೇಗಳಹಳ್ಳಿಯಲ್ಲೇ ಇರತಕ್ಕದ್ದು. ಅವರನ್ನು ಬೆರೆಸುವುದು, ಕುಲುಕುವುದು, ಹಂಚುವುದು ನಿಷಿದ್ಧ.

(ಗ) ಉಳಿದ ಮೂರು ಕೇಂದ್ರಗಳಲ್ಲಿ ‘ಡಾಕ್ಟರಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸತಕ್ಕದ್ದು. ಡಾಕ್ಟರು ಬರುವವರೆಗೆ ಅಲ್ಲಿನ ರೋಗಿಗಳನ್ನು ಡಾಕ್ಟರಿರುವ ಕಡೆಗೆ ಜೀಪು ಕರೆತರತಕ್ಕದ್ದು. ಅಧೀಕ್ಷಕರು ಬಸ್ಸಿನಲ್ಲಿ ಓಡಾಡತಕ್ಕದ್ದು; ಇದನ್ನು ಶಕ್ತಿವರ್ಧನೆ ಎಂದು ಪರಿಗಣಿಸುವುದು ಅವರ ಇಚ್ಛೆಗೆ ಬಿಟ್ಟಿದ್ದು.

(ಘ) ಟವೆಲ್ಲಿನ ನಾಲ್ಕು ತುಂಡುಗಳನ್ನು ಅಧೀಕ್ಷಕರೇ ಕೂತು ಹೊಲಿಯತಕ್ಕದ್ದು. ದಾರವನ್ನು ಚನ್ನಮಲ್ಲಮ್ಮನವರು ಕೊಡಲು ಒಪ್ಪಿರುತ್ತಾರೆ, ಹೊಲಿಯಲು ಒಪ್ಪಿರುವುದಿಲ್ಲ.

(ಙ) ಕುರ್ಚಿ ಕುಟ್ಟುವುದನ್ನು ನಿಲ್ಲಿಸತಕ್ಕದ್ದು, ಚೇಳು ಇದೆಯೇ ಎಂದು ನೋಡುವ ಉದ್ದೇಶ ಹೊರತುಪಡಿಸಿ.

(ಚ) ನೀರಿಗೆ ನೆನಪಿದೆಯೇ ಎಂಬ ಪ್ರಶ್ನೆಯನ್ನು ತೀರ್ಮಾನಿಸಲು ಈ ಕಛೇರಿ ಅರ್ಹವಲ್ಲ. ತಾನು ಯಾರಿಗಾಗಿ ಇದ್ದೇನೆಂಬುದೇ ಈ ಕಛೇರಿಗೆ ನೆನಪಿರಲಿಲ್ಲ. ಆದರೆ ಕಷ್ಟ ಹೇಳಿಕೊಳ್ಳುವವರ ಮಾತನ್ನು ಮುಗಿಯುವವರೆಗೂ ಕೂತು ಕೇಳತಕ್ಕದ್ದು, ಕೇಳಿದ ಮೇಲೆ ನಿಜವಾದ ಮದ್ದನ್ನೂ ಕೊಡತಕ್ಕದ್ದು. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸತಕ್ಕದ್ದಲ್ಲ.

(ಸಹಿ, ಎಡಗೈಯಿಂದ)
ಅಡವಯ್ಯ
ಅಧೀಕ್ಷಕರು, ಹಾಗೂ ಮೇಲೆ ಹೇಳಿದ ವ್ಯಕ್ತಿ

ಪ್ರತಿಗಳು:
1. ಮೇಲಿನ ಕಛೇರಿಗೆ, ಪ್ರಶಂಸಾ ಪತ್ರವನ್ನು ಕಟ್ಟು ಸಮೇತ ಹಿಂದಿರುಗಿಸುತ್ತಾ.
2. ಡಾ. ಅಶ್ವಿನಿಯವರಿಗೆ, ಕ್ಷಮೆಯೊಂದಿಗೆ. ಬಸ್ ಪಾಸ್ ಹಿಂದಿರುಗಿಸುವ ಅಗತ್ಯವಿಲ್ಲ.
3. ಶ್ರೀ ಚಿರಂಜೀವಿ ಮತ್ತು ಶ್ರೀಮತಿ ಲೋಹಿತಾ ಅವರಿಗೆ, ಒಂದೇ ಪ್ರತಿ, ಹಂಚಿಕೊಂಡು ಓದಲು.
4. ಶ್ರೀ ಕದಿರಯ್ಯನವರಿಗೆ, ಈ ಸುತ್ತೋಲೆಯನ್ನೂ ಹಿಂದಿನದರಷ್ಟೇ ನಿಷ್ಠೆಯಿಂದ ಪಾಲಿಸಲು.
5. ಶ್ರೀಮತಿ ಓಬಳಮ್ಮನವರಿಗೆ, ಡ್ರೈವರು ಓದಿ ಹೇಳತಕ್ಕದ್ದು: ಅಮ್ಮಾ, ಆಫೀಸಿನ ಜೀಪು ನಿಮ್ಮ ಬಾಗಿಲಲ್ಲಿದೆ. ಡಾಕ್ಟರಮ್ಮ ಕುರ್ಚಿಯಲ್ಲಿ ಕೂತಿದ್ದಾರೆ, ನಾನೇ ನೋಡಿ ಬಂದೆ. ನೀವು ಹತ್ತಿ.