ನಮ್ಮತ್ತೆಯ ಹವಾ ಬದಲಾವಣೆ

ಉಸಿರಾಡೋದಕ್ಕೆ ಬಸ್ಸು ಹತ್ತಿ ಪರಊರಿಗೆ ಹೋಗೋ ಹೆಂಗಸನ್ನ ನೀವು ನೋಡಿದ್ದೀರಾ? ಇಲ್ಲದಿದ್ದರೆ ಭಾನುವಾರ ಬೆಳಿಗ್ಗೆ ಹೊನ್ನಾಳಿ ಬಸ್‌ಸ್ಟ್ಯಾಂಡಿಗೆ ಬನ್ನಿ. ಅಲ್ಲಿ ಹೊಸ ಸೀರೆ ಉಟ್ಟು ನಿಂತಿರೋರು ನಮ್ಮತ್ತೆ. ಪಕ್ಕದಲ್ಲಿ ಬುತ್ತಿ ಚೀಲ ಹಿಡಕೊಂಡು ಆಕಳಿಸುತ್ತಿರೋ ಪ್ರಾಣಿ ನಾನು, ಅವರ ಸೊಸೆ. ಸಾಕಪ್ಪಾ ಸಾಕು!

ಎಲ್ಲಾ ಆ ಡಾಕ್ಟರಿಂದ ಆಗಿದ್ದು. "ಹವಾ ಬದಲಾವಣೆ ಆಗಬೇಕು" ಅಂದರಂತೆ. ಬೇರೆಯವರಾದರೆ ನಾಲ್ಕು ದಿನ ನೆಂಟರ ಮನೆಗೆ ಹೋಗಿಬರ್ತಾರೆ. ನಮ್ಮತ್ತೆ ಲೆಕ್ಕವೇ ಬೇರೆ. "ಹೊನ್ನಾಳಿದು ಹೊಳೆ ಹವಾ, ಥಂಡಿ ಐತೆ. ಜಗಳೂರಿಂದು ಒಣ ಹವಾ. ಎರಡೂ ಸೇರಿದ್ರೆ ಸಮ ಆಗ್ತೈತೆ!"

ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಹೊಸಲು ದಾಟೋದೇ ಬೇಡವಾಗಿತ್ತು. ಅಡುಗೆಮನೆ, ಹಾಸಿಗೆ, ಮತ್ತೆ ಅಡುಗೆಮನೆ. ಅಂಥವಳನ್ನ "ಬಿಪಿ ಇರೋಳು ನಾನು, ದಾರೀಲಿ ಬಿದ್ದುಗಿದ್ದರೆ?" ಅಂತ ಅತ್ತೆ ಹೆದರಿಸಿ ಹೊರಡಿಸಿದರು.

ಮೊದಲ ಸಲ ಹೊರಟಾಗ, ಜಗಳೂರಿಗೆ ಅಂತ ಗೊತ್ತಾಗಿ ಕಂಡಕ್ಟರ್ ಕೇಳಿದ, "ಯಾಕಜ್ಜಿ, ಜಗಳೂರಲ್ಲಿ ನೆಂಟ್ರಾ?"

"ಇಲ್ಲಪ್ಪಾ, ಹವಾ ತಗಳ್ಳಾಕೆ."

"ಅದಕ್ಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಪಂಕ್ಚರ್ ಅಂಗಡಿ ಐತಲ್ಲ!"

ಇಡೀ ಬಸ್ಸು ನಕ್ಕಿತು. ಬಹಳ ದಿನದ ಮೇಲೆ ನನಗೂ ನಗು ತಡೆಯೋಕಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ, ನನ್ನ ಮುಖಾನೇ ನೋಡ್ತಾ ಕೂತಿದ್ದರು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋಗಿ ಏನು ಮಾಡ್ತೀವಿ ಅಂತೀರಾ? ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಉಸಿರಾಡ್ತೀವಿ! ಅತ್ತೆ ಕಣ್ಣುಮುಚ್ಚಿ, "ಆಹಾ! ಹವಾ ಅಂದ್ರೆ ಇದು ನೋಡವ್ವಾ" ಅಂತಾರೆ. ನನ್ನ ಮೂಗಿಗೆ ಬರೋದು ಬರೀ ಡೀಸೆಲ್ ಹೊಗೆ. ಆಮೇಲೆ ಮಂಡಕ್ಕಿ, ಮಿರ್ಚಿ.

"ಬಿಪಿಗೆ ಎಣ್ಣೆ ಪದಾರ್ಥ ಆಗಲ್ಲ ಅತ್ತೆ."

"ಅದಕ್ಕೇ ನಿನಗೇ ಜಾಸ್ತಿ ಹಾಕ್ಸೀನಿ, ತಿನ್ನು."

ಮೊನ್ನೆ ಅವರನ್ನ ನಾನೇ ಡಾಕ್ಟರ ಹತ್ತಿರ ಕರಕೊಂಡು ಹೋದೆ. ತೋಳಿಗೆ ಪಟ್ಟಿ ಸುತ್ತಿ ನೋಡಿ ಡಾಕ್ಟರು, "ಇವರಿಗೆ ಯಾವತ್ತೂ ಬಿಪಿ ಇಲ್ಲವಲ್ಲಮ್ಮಾ. ಸೊಸೆ ಊಟ ಬಿಟ್ಟಾಳೆ, ಮಾತು ಬಿಟ್ಟಾಳೆ ಅಂತ ಬಂದಿದ್ದರು. ಹವಾ ಬದಲಾವಣೆ ಹೇಳಿದ್ದು ನಿಮಗೆ!" ಅಂದರು.

ಹೊರಗೆ ಬಂದವಳೇ ಜಗಳಕ್ಕೆ ನಿಂತೆ. "ಏನತ್ತೆ ಇದು, ಸುಳ್ಳು ಹೇಳಿದ್ರಾ?"

"ನಿನಗೆ ಅಂದಿದ್ರೆ ನೀನು ಬರ್ತಿದ್ದೆಯೇನು?" ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನನಗೂ ಮಗ ಹೋಗ್ಯಾನೆ ಕಣವ್ವಾ. ಇಬ್ಬರೂ ಒಳಗೇ ಕುಂತ್ರೆ ಬಾಗಿಲು ತೆಗೆಯೋರು ಯಾರು?"

ಅವರ ಕೈ ಹಿಡಕೊಂಡು ಅಲ್ಲೇ ಅತ್ತುಬಿಟ್ಟೆ.

ನಿನ್ನೆ ಭಾನುವಾರ ಅತ್ತೆ ಇನ್ನೂ ಮಲಗೇ ಇದ್ದರು. ನಾನು ಬುತ್ತಿ ಕಟ್ಟಿ, ಬಾಗಿಲು ತೆಗೆದು, ಹೊಸಲ ಆಚೆ ನಿಂತು ಕೂಗಿದೆ, "ಅತ್ತೆ, ಏಳ್ರಿ! ಹೊತ್ತಾದ್ರೆ ಜಗಳೂರು ಹವಾ ಎಲ್ಲಾ ಖಾಲಿ ಆಗ್ತೈತೆ!"